ಮಗಳಿಗೊಂದು ಪತ್ರ: ಮಾತ್ರೆ ಮುಗಿದ ಮೇಲೆ

ಪುಟ್ಟಿ,

ನಿನ್ನೆ ಫೋನಿನಲ್ಲಿ "ಸುಮ್ನೆ ಗ್ಯಾಸ್ಟ್ರಿಕ್ ಅಮ್ಮ, ಬೆಳಿಗ್ಗೆ ಒಂದು ಮಾತ್ರೆ ನುಂಗಿದ್ರೆ ಸರಿಹೋಗುತ್ತೆ" ಅಂದೆಯಲ್ಲ, ಆಮೇಲೆ ನನಗೆ ನಿದ್ದೆ ಬರಲಿಲ್ಲ. ಇದೇ ಮಾತನ್ನು ನಿನ್ನ ಅಜ್ಜ ಹೇಳುತ್ತಿದ್ದರು. ಆಮೇಲೆ ನಾನೂ ಹೇಳಿದೆ. ಫೋನಿನಲ್ಲಿ ಶುರು ಮಾಡಿದರೆ "ಮೀಟಿಂಗ್ ಇದೆ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ನನ್ನ ಹೊಟ್ಟೆಯಲ್ಲಿ ಎಚ್. ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿದ್ದು ನಿನಗೆ ಗೊತ್ತು. ಹೋದ ವರ್ಷ ಅದು ಮತ್ತೆ ಸಿಕ್ಕಿದ್ದು ಗೊತ್ತಿಲ್ಲ. ನೀನು ಆಗ ಕೆಲಸ ಬದಲಾಯಿಸುವ ಗಡಿಬಿಡಿಯಲ್ಲಿದ್ದೆ, ಹೇಳಲಿಲ್ಲ. ಬಯ್ಯಬೇಡ.

ಎರಡನೇ ಸಲ ಎಂಡೋಸ್ಕೋಪಿ ಮಾಡಿದಾಗ ಡಾಕ್ಟರು ಹೊಟ್ಟೆಯ ಒಳಪದರದಿಂದ ಅಕ್ಕಿ ನುಚ್ಚಿನಷ್ಟು ಚೂರು ಚಿವುಟಿ ತೆಗೆದು, ಯೂರಿಯಾ ಇದ್ದ ಹಳದಿ ಬಣ್ಣದ ಒಂದು ಪುಟ್ಟ ಕುಳಿಯೊಳಗೆ ಹಾಕಿದರು. ನಾನು ಬಾಯಿ ಒರೆಸಿಕೊಂಡು, ಸೆರಗು ಸರಿ ಮಾಡಿಕೊಂಡು ಕೂರುವಷ್ಟರಲ್ಲಿ ಚೂರಿನ ಸುತ್ತ ಗುಲಾಬಿ ಬಣ್ಣ ಹಬ್ಬಿತ್ತು. ಆರತಿ ತಟ್ಟೆಯ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತಲ್ಲ, ಥೇಟ್ ಹಾಗೆ. ಹಾಗಂದಾಗ ಡಾಕ್ಟರು ನಕ್ಕು, "ಲೆಕ್ಕ ಅದೇ ಅಮ್ಮ" ಅಂದರು. ಈ ಹುಳ ಯೂರಿಯಾ ಒಡೆದು ಅಮೋನಿಯಾ ಮಾಡುತ್ತದಂತೆ. ಅಮೋನಿಯಾ ಸುಣ್ಣದ ಹಾಗೆ ಆಮ್ಲವನ್ನು ಸಾಯಿಸುತ್ತದೆ. ಏನು ಬಿದ್ದರೂ ಕರಗುವ ಹೊಟ್ಟೆಯ ಹುಳಿಯಲ್ಲಿ ಅದು ತನ್ನ ಸುತ್ತ ಸುಣ್ಣದ ಬೇಲಿ ಕಟ್ಟಿಕೊಂಡು ಆರಾಮಾಗಿ ಇರುತ್ತದೆ.

"ಹೋಗಿತ್ತಲ್ಲ ಡಾಕ್ಟ್ರೇ, ಹೇಗೆ ವಾಪಸ್ ಬಂತು?" ಅಂದೆ. ಅವರು ತಿರುಗಿ ಕೇಳಿದರು. "ಹೋಗಿತ್ತು ಅಂತ ಯಾರು ಹೇಳಿದ್ರು?"

ನಾಚಿಕೆಯಾಯಿತು. ಹದಿನಾಲ್ಕು ದಿನದ ಮಾತ್ರೆ ಬರೆದುಕೊಟ್ಟಿದ್ದರು. ಹತ್ತನೇ ದಿನಕ್ಕೆ ಸಾಗರದಲ್ಲಿ ಮದುವೆ ಇತ್ತು. ಆ ಮಾತ್ರೆಗೆ ಬಾಯಲ್ಲಿ ತುಕ್ಕು ಹಿಡಿದ ಮೊಳೆ ಇಟ್ಟುಕೊಂಡ ಹಾಗೆ ರುಚಿ. ಹೋಳಿಗೆಯೂ ಕಹಿ, ಕಾಫಿಯೂ ಕಹಿ. ಉರಿ ಹೇಗೂ ಕಮ್ಮಿಯಾಗಿತ್ತು, ಸ್ಟ್ರಿಪ್ಪನ್ನು ಡ್ರಾಯರಿಗೆ ಹಾಕಿದೆ. ಒಂದು ತಿಂಗಳು ಬಿಟ್ಟು ಬಂದು ಟೆಸ್ಟ್ ಮಾಡಿಸಿ ಅಂದಿದ್ದರು. ನೋವೇ ಇಲ್ಲ, ಟೆಸ್ಟ್ ಯಾಕೆ ಅಂತ ಅದನ್ನೂ ಬಿಟ್ಟೆ.

ವಾಸಿಯಾದ ಮೇಲೆ ಹೊರಗಿನಿಂದ ಹೊಸದಾಗಿ ಅಂಟುವುದೂ ಉಂಟಂತೆ. ಆದರೆ ಮೊದಲ ವರ್ಷದೊಳಗೆ ಮತ್ತೆ ಕಾಣಿಸಿಕೊಂಡರೆ ಹೆಚ್ಚಾಗಿ ಅದು ಹಳೇದೇ. ಗದ್ದೆ ಅಂಚಿನ ಗರಿಕೆ ಕಿತ್ತ ಹಾಗೆ, ಮೇಲೆ ಚೊಕ್ಕ, ಕೆಳಗೆ ಬೇರು ಹಾಗೇ ಇರುತ್ತದೆ. ತಪ್ಪು ಬರೀ ನಾಲ್ಕು ದಿನದ್ದೂ ಇರಲಿಕ್ಕಿಲ್ಲ. ಪ್ರತಿ ನೆಗಡಿ ಕೆಮ್ಮಿಗೂ ನಾವು ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ಅಜಿತ್ರೋಮೈಸಿನ್ ತಂದು ನುಂಗಿದ್ದೇವೆ, ಅಲ್ವಾ? ನನಗೆ ಮೊದಲ ಸಲ ಕೊಟ್ಟ ಕ್ಲಾರಿತ್ರೋಮೈಸಿನ್ ಅದರ ದಾಯಾದಿ. ಒಂದಕ್ಕೆ ಪಳಗಿದ ಹುಳ ಇನ್ನೊಂದಕ್ಕೂ ಬಗ್ಗುವುದಿಲ್ಲ. ಅದಕ್ಕೇ ಎರಡನೇ ಸಲ ಅದನ್ನು ಕೊಡಲಿಲ್ಲ.

ಎರಡನೇ ಸಲದ್ದು ನಾಲ್ಕು ಔಷಧದ ಪಥ್ಯ: ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್, ಜೊತೆಗೆ ಆಮ್ಲ ಕಮ್ಮಿ ಮಾಡುವ ಮಾತ್ರೆ. ನಿನ್ನ ಅಪ್ಪ ಹಳೇ ಕ್ಯಾಲೆಂಡರ್ ಹಿಂದೆ ಹದಿನಾಲ್ಕು ಸಾಲು ಗೀಟು ಹಾಕಿ ಗೋಡೆಗೆ ತೂಗಿದರು. ಒಂದೊಂದು ಮಾತ್ರೆಗೂ ಟಿಕ್. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರ್ ಬರೆದ ಚಾಳಿ ಕೊನೆಗೂ ಮನೆಗೆ ಉಪಯೋಗಕ್ಕೆ ಬಂತು. ಟೆಟ್ರಾಸೈಕ್ಲಿನ್ ಜೊತೆ ಹಾಲು ಕೂಡದು, ಹಾಲಿನ ಕ್ಯಾಲ್ಸಿಯಂ ಅದನ್ನು ಮೈಗೆ ಹತ್ತಗೊಡುವುದಿಲ್ಲ. ಅಂದರೆ ಕಾಫಿಗೂ ಗಡಿಯಾರ ನೋಡಬೇಕು! ಮೂರನೇ ದಿನ ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡು ಕಿರುಚಿದೆ, ನೇರಳೆಹಣ್ಣು ತಿಂದವರ ಹಾಗೆ ಕಪ್ಪು. ಮಲವೂ ಕಪ್ಪು. ಅದು ಬಿಸ್ಮತ್ತಿನ ಬಣ್ಣ, ಮಾತ್ರೆ ನಿಲ್ಲಿಸಿದ ಮೇಲೆ ಹೋಯಿತು. ಆದರೆ ಬಿಸ್ಮತ್ತೋ ಕಬ್ಬಿಣದ ಮಾತ್ರೆಯೋ ತಗೊಳ್ಳದೆ ಇರುವಾಗ ಮಲ ಟಾರಿನ ಹಾಗೆ ಕಪ್ಪಾದರೆ ಒಳಗೆ ರಕ್ತ ಹೋಗುತ್ತಿರಬಹುದು. ಒಂದು ದಿನವೂ ಕಾಯಬಾರದು.

ಈ ಸಲ ಟೆಸ್ಟ್ ತಪ್ಪಿಸಲಿಲ್ಲ. ಆಂಟಿಬಯೋಟಿಕ್ ಮುಗಿದು ನಾಲ್ಕು ವಾರ ಆಗಿರಬೇಕು, ಗ್ಯಾಸ್ಟ್ರಿಕ್ ಮಾತ್ರೆ ಬಿಟ್ಟು ಎರಡು ವಾರ ಆಗಿರಬೇಕು. ಇಲ್ಲದಿದ್ದರೆ ಹುಳ ಅಡಗಿಕೊಂಡು, ಇಲ್ಲ ಅಂತ ಸುಳ್ಳು ರಿಪೋರ್ಟ್ ಬರುತ್ತದೆ. ನಮ್ಮ ಬೀದಿಯ ಲ್ಯಾಬಿನ ಹುಡುಗ ರಕ್ತದ ಟೆಸ್ಟ್ ಅಗ್ಗ ಅಂದ. ಡಾಕ್ಟರು ಬೇಡವೆಂದರು. ಹುಳ ಸತ್ತರೂ ಅದರ ವಿರುದ್ಧ ಹುಟ್ಟಿದ ಆಂಟಿಬಾಡಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ವಾಸಿಯಾಯಿತೋ ಇಲ್ಲವೋ ಅಂತ ತಿಳಿಯಲು ಉಸಿರಿನ ಟೆಸ್ಟ್, ಇಲ್ಲವೇ ಮಲದಲ್ಲಿ ಹುಳದ ಅಂಶವನ್ನೇ ಹುಡುಕುವ ಆಂಟಿಜನ್ ಟೆಸ್ಟ್. ನಾನು ಖಾಲಿ ಹೊಟ್ಟೆಯಲ್ಲಿ ಯೂರಿಯಾ ಕುಡಿದು, ಅರ್ಧ ಗಂಟೆ ಕೂತು, ಚೀಲಕ್ಕೆ ಉಸಿರು ಊದಿ ಬಂದೆ. ನೆಗೆಟಿವ್. ಅವತ್ತು ಅಪ್ಪ ಆ ಕ್ಯಾಲೆಂಡರ್ ಇಳಿಸಿದರು.

ಇಷ್ಟೆಲ್ಲ ಯಾಕೆ ಅಂದರೆ ಅಜ್ಜ. ಅವರಿಗೆ ಏನಾಗಿತ್ತು ಅಂತ ನಿನಗೆ ಸರಿಯಾಗಿ ಹೇಳಿಲ್ಲ. "ಹೊಟ್ಟೆಯಲ್ಲಿ ಗಡ್ಡೆ" ಅಂತಷ್ಟೇ ಅಂದಿದ್ದೆವು. ಅದು ಹೊಟ್ಟೆಯ ಕ್ಯಾನ್ಸರ್. ವರ್ಷಗಟ್ಟಲೆ ಸೋಡಾ, ಜೀರಿಗೆ ಕಷಾಯ, ಆಮೇಲೆ ಗ್ಯಾಸ್ಟ್ರಿಕ್ ಮಾತ್ರೆ. ಕೊನೆಕೊನೆಗೆ ಎರಡು ತುತ್ತಿಗೇ ಹೊಟ್ಟೆ ತುಂಬಿತು ಅನ್ನುತ್ತಿದ್ದರು. ಪಂಚೆ ಜಾರುತ್ತಿತ್ತು, ಸೊಂಟಕ್ಕೆ ಉಡಿದಾರ ಬಿಗಿದುಕೊಳ್ಳುತ್ತಿದ್ದರು. ವಯಸ್ಸಾಯಿತು, ಊಟ ಸೇರುತ್ತಿಲ್ಲ ಅಂದುಕೊಂಡೆವು.

ಒತ್ತಡದಿಂದ, ಖಾರದಿಂದ ಅಲ್ಸರ್ ಆಗುತ್ತದೆ ಅಂತ ಡಾಕ್ಟರುಗಳೇ ನಂಬಿದ್ದ ಕಾಲ ಅದು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಅಂತ ಇಬ್ಬರು ಡಾಕ್ಟರು, ಕಾರಣ ಈ ಬ್ಯಾಕ್ಟೀರಿಯಾ ಅಂದಾಗ ಯಾರೂ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಅದನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದ. ಹೆಂಡತಿಗೂ ಮೊದಲೇ ಹೇಳಿರಲಿಲ್ಲವಂತೆ! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದಕ್ಕೂ ಮೊದಲೇ, 1994ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತ್ತು. ಬೀಡಿ, ಸಿಗರೇಟಿನ ಹೊಗೆ ಇರುವ ಪಟ್ಟಿ ಅದು.

ಹೆದರಬೇಡ. ಹುಳ ಇರುವ ನೂರು ಜನರಲ್ಲಿ ಕ್ಯಾನ್ಸರ್ ಆಗುವುದು ಒಂದರಿಂದ ಮೂರು ಜನಕ್ಕೆ. ಅದೂ ದಶಕಗಳು ಹಿಡಿಯುವ ದಾರಿ. ಆದರೆ ಮನೆಯಲ್ಲಿ ಒಬ್ಬರಿಗೆ ಆಗಿದ್ದರೆ ಲೆಕ್ಕ ಬೇರೆ. ಕೊರಿಯಾದಲ್ಲಿ, ಅಪ್ಪ ಅಮ್ಮನಿಗೋ ಒಡಹುಟ್ಟಿದವರಿಗೋ ಹೊಟ್ಟೆಯ ಕ್ಯಾನ್ಸರ್ ಆಗಿದ್ದ, ಹುಳವೂ ಇದ್ದ 1,676 ಜನರನ್ನು ಒಂಬತ್ತು ವರ್ಷಕ್ಕೂ ಜಾಸ್ತಿ ಗಮನಿಸಿದರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಸುಳ್ಳು ಮಾತ್ರೆ. ಸುಳ್ಳು ಮಾತ್ರೆಯವರಲ್ಲಿ 23 ಜನಕ್ಕೆ ಕ್ಯಾನ್ಸರ್ ಬಂತು, ನಿಜವಾದ ಮಾತ್ರೆಯವರಲ್ಲಿ 10 ಜನಕ್ಕೆ. ನನಗೆ ನಾಟಿದ್ದು ಮುಂದಿನ ಸಾಲು. ಆ ಹತ್ತರಲ್ಲಿ ಐದು ಜನರ ಹೊಟ್ಟೆಯಲ್ಲಿ, ಮಾತ್ರೆ ನುಂಗಿದ್ದರೂ, ಹುಳ ಹೋಗಿರಲೇ ಇಲ್ಲ. ಡ್ರಾಯರಿನಲ್ಲಿದ್ದ ಆ ಸ್ಟ್ರಿಪ್ಪು ಕಣ್ಣೆದುರು ಬಂತು.

ಹುಳ ಹೋದರೂ ನನ್ನ ಕಥೆ ಪೂರ್ತಿ ಮುಗಿದಿಲ್ಲ. ಹೊಟ್ಟೆಯ ಒಳಪದರ ಒಂದು ಕಡೆ ಕರುಳಿನ ಪದರದ ಹಾಗೆ ಬದಲಾಗಿದೆಯಂತೆ. ಅದು ಕ್ಯಾನ್ಸರ್ ಅಲ್ಲ, ಆದರೆ ಆ ದಾರಿಯ ಒಂದು ಮೆಟ್ಟಿಲು. ಮೂರು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಮಾಡಿ ನೋಡೋಣ ಅಂದಿದ್ದಾರೆ. ಸರಿ ಅಂದೆ. ಈ ವರ್ಷ ಅಪ್ಪೆಮಿಡಿ ಸಣ್ಣ ಭರಣಿಗಷ್ಟೇ ಹಾಕಿದ್ದೇನೆ. ಉಪ್ಪಿನಕಾಯಿ ತಿಂದವರಿಗೆಲ್ಲ ಕ್ಯಾನ್ಸರ್ ಬರುತ್ತೆ ಅಂತಲ್ಲ, ಆದರೆ ಅತಿ ಉಪ್ಪು ಈ ಹುಳದ ಕೆಲಸಕ್ಕೆ ಕುಮ್ಮಕ್ಕು ಕೊಡುತ್ತದೆ.

ಇನ್ನೊಂದು ವಿಷಯ. ಬರೆಯಲೋ ಬೇಡವೋ ಅಂತ ಎರಡು ಸಲ ಪೆನ್ನು ಕೆಳಗಿಟ್ಟೆ. ಈ ಹುಳ ಹೆಚ್ಚಾಗಿ ಚಿಕ್ಕಂದಿನಲ್ಲೇ ಬರುತ್ತದೆ, ಮನೆಯವರಿಂದ, ಅದರಲ್ಲೂ ತಾಯಿಯಿಂದ. ನಿನಗೆ ಹಲ್ಲು ಬರುವ ಮೊದಲು ಕೋಡುಬಳೆ ಬೇಕು ಅಂತ ಹಟ ಮಾಡುತ್ತಿದ್ದೆ. ನಾನು ಅಗಿದು ಮೆತ್ತಗೆ ಮಾಡಿ ನಿನ್ನ ಬಾಯಿಗಿಡುತ್ತಿದ್ದೆ. ನನ್ನಮ್ಮನೂ ಹಾಗೇ ಮಾಡಿದ್ದು, ಪ್ರೀತಿ ಅಂತಲೇ ಮಾಡಿದ್ದು.

ನೀನು ಆರು ತಿಂಗಳಿಂದ ಮಾತ್ರೆ ನುಂಗುತ್ತಿದ್ದೀಯ. ಹೊಟ್ಟೆ ಡಾಕ್ಟರನ್ನು ನೋಡಿ, ಅಜ್ಜನದೂ ನನ್ನದೂ ಎರಡೂ ಹೇಳು. ಅಜ್ಜನ ವಿಷಯ ಮುಚ್ಚಿಡಬೇಡ. ಡಾಕ್ಟರು ಒಪ್ಪಿದರೆ ಮಾತ್ರೆ ಎರಡು ವಾರ ನಿಲ್ಲಿಸಿ ಉಸಿರಿನ ಟೆಸ್ಟ್ ಮಾಡಿಸು. ಆ ಎರಡು ವಾರ ಉರಿ ಜಾಸ್ತಿಯಾದರೆ ಏನು ತಗೊಳ್ಳಬಹುದು ಅಂತಲೂ ಅವರನ್ನೇ ಕೇಳು, ಪಕ್ಕದ ಟೇಬಲ್‌ನವರನ್ನಲ್ಲ. ಹೋಗುವ ದಿನ ಬೆಳಿಗ್ಗೆ ಕಾಫಿ ಕುಡಿಯಬೇಡ.

ಅಪ್ಪ ಹಳೇ ಕ್ಯಾಲೆಂಡರ್ ಇನ್ನೂ ಎಸೆದಿಲ್ಲ. ಒಂದು ಪುಟದ ಹಿಂಬದಿ ಖಾಲಿ ಇದೆಯಂತೆ. ಬೇಕಾದರೆ ನಿನಗೂ ಗೀಟು ಹಾಕಿ ಕಳಿಸುತ್ತಾರೆ.

ನಿನ್ನ
ಅಮ್ಮ