ಸಹಜ, ಅಸಹಜ ಮತ್ತು ಒಪ್ಪಿಗೆ

ಆತ್ಮೀಯ ಓದುಗರೇ,

ವಂಶವಾಹಿಗಳನ್ನು ತಿದ್ದುವ ತಂತ್ರಜ್ಞಾನದ ಮಾತು ಬಂದಾಗಲೆಲ್ಲ ಮೊದಲು ಏಳುವ ಆಕ್ಷೇಪ ‘ಇದು ಅಸಹಜ’ ಎಂಬುದು. ಆ ಆಕ್ಷೇಪದ ಹಿಂದಿರುವ ಆತಂಕ ನಿಜವಾದದ್ದೆಂದು ನಾನು ನಂಬಿದ್ದೇನೆ. ಆದರೆ ಅದನ್ನು ಹೇಳಲು ನಾವು ಆರಿಸಿಕೊಂಡಿರುವ ಪದ ನಮ್ಮನ್ನು ದಾರಿ ತಪ್ಪಿಸುತ್ತಿದೆ.

‘ಸಹಜ’ವೆಂದರೆ ಜೊತೆಯಲ್ಲೇ ಹುಟ್ಟಿದ್ದು ಎಂದರ್ಥ. ಈ ಅರ್ಥದಲ್ಲಿ ಸಿಕಲ್ ಸೆಲ್ ಕಾಯಿಲೆಗಿಂತ ಸಹಜವಾದದ್ದು ಯಾವುದಿದೆ? ಹಿಮೋಗ್ಲೋಬಿನ್ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದರಿಂದ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ತಡೆಯಲಾರದ ನೋವನ್ನು ಮತ್ತೆ ಮತ್ತೆ ತರುತ್ತವೆ. 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಮಾನ್ಯತೆ ನೀಡಿದ, ವಂಶವಾಹಿಯನ್ನು ಗುರುತಿಸಿದ ಜಾಗದಲ್ಲೇ ಕತ್ತರಿಸಿ ತಿದ್ದುವ ಕ್ರಿಸ್ಪರ್ ಎಂಬ ತಂತ್ರದ ಚಿಕಿತ್ಸೆಯಲ್ಲಿ, ರೋಗಿಯ ರಕ್ತವನ್ನು ಉತ್ಪಾದಿಸುವ ಆಕರಕೋಶಗಳನ್ನು ಹೊರತೆಗೆದು, ತಿದ್ದಿ, ಮರಳಿ ಸೇರಿಸುತ್ತಾರೆ; ಗರ್ಭದಲ್ಲಿದ್ದಾಗ ತಯಾರಾಗುತ್ತಿದ್ದು ಹುಟ್ಟಿದ ಮೇಲೆ ಬಹುಪಾಲು ನಿಂತುಹೋದ ಹಿಮೋಗ್ಲೋಬಿನ್ ಮತ್ತೆ ತಯಾರಾಗತೊಡಗುತ್ತದೆ. ಇದನ್ನು ಅಸಹಜವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಒಂದು ಜೀವಿಯ ವಂಶವಾಹಿ ಇನ್ನೊಂದಕ್ಕೆ ಸೇರಬಾರದೆಂಬ ವಾದವೂ ಹೆಚ್ಚು ದೂರ ಸಾಗದು. ಮಣ್ಣಿನಲ್ಲಿರುವ ಅಗ್ರೋಬ್ಯಾಕ್ಟೀರಿಯಂ ಸೂಕ್ಷ್ಮಾಣುವಿನ ವಂಶವಾಹಿಗಳು ಯಾವ ಪ್ರಯೋಗಾಲಯದ ನೆರವೂ ಇಲ್ಲದೆ ಸಿಹಿಗೆಣಸಿನಲ್ಲಿ ಸೇರಿಕೊಂಡಿರುವುದನ್ನು 2015ರಲ್ಲಿ ವಿಜ್ಞಾನಿಗಳು ತೋರಿಸಿದರು. ಇದರಿಂದ ಎಲ್ಲ ಕುಲಾಂತರಿ ಬೆಳೆಗಳೂ ನಿರಪಾಯಕಾರಿ ಎಂದೇನೂ ಆಗುವುದಿಲ್ಲ. ಅದನ್ನು ಆಯಾ ಬೆಳೆಯನ್ನೇ ಪರೀಕ್ಷಿಸಿ ತಿಳಿಯಬೇಕು.

ನನ್ನನ್ನು ನಿಜಕ್ಕೂ ಕಾಡುವುದು 2018ರ ನವೆಂಬರ್‌ನಲ್ಲಿ ಚೀನಾದಿಂದ ಬಂದ ಸುದ್ದಿ. ಭ್ರೂಣದ ಹಂತದಲ್ಲಿಯೇ ವಂಶವಾಹಿಯನ್ನು ತಿದ್ದಿಸಿಕೊಂಡ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು ಹೇ ಜಿಯಾನ್‌ಕುಯಿ ಎಂಬ ವಿಜ್ಞಾನಿ ಪ್ರಕಟಿಸಿದರು. ಎಚ್‌ಐವಿ ಸೋಂಕು ತಗಲದಂತೆ ಮಾಡುವುದು ಅವರು ಹೇಳಿಕೊಂಡ ಉದ್ದೇಶ. ಸೋಂಕಿರುವ ತಂದೆಯಿಂದ ಮಗುವಿಗೆ ಅದು ಬಾರದಂತೆ ತಡೆಯುವ ಬೇರೆ ವಿಧಾನಗಳು ಆಗಲೇ ಇದ್ದವು. ಅಲ್ಲಿನ ನ್ಯಾಯಾಲಯ 2019ರಲ್ಲಿ ಅವರಿಗೆ 3 ವರ್ಷಗಳ ಸೆರೆವಾಸ ವಿಧಿಸಿತು. ಆ ಮಕ್ಕಳ ಪಾಲಿಗಾದರೋ ಆ ತಿದ್ದುಪಡಿ ಜೊತೆಯಲ್ಲೇ ಹುಟ್ಟಿದ್ದು, ಅಂದರೆ ಪದದ ಅರ್ಥಕ್ಕೆ ಸರಿಯಾಗಿ ಸಹಜವೇ. ಆದರೂ ಅದು ತಪ್ಪು. ಸಿಕಲ್ ಸೆಲ್ ಕಾಯಿಲೆಯ ವಯಸ್ಕ ರೋಗಿಯೊಬ್ಬರು ತಿದ್ದಿದ ಕೋಶಗಳನ್ನು ಮರಳಿ ಸೇರಿಸುವ ಮುನ್ನ ಕೊಡುವ ಕೀಮೋಥೆರಪಿಯೂ ಸೇರಿದಂತೆ ಚಿಕಿತ್ಸೆಯ ಅಪಾಯಗಳನ್ನೆಲ್ಲ ಕೇಳಿ ತಿಳಿದುಕೊಂಡು, ಸಹಿ ಹಾಕುವ ಮುನ್ನ ಬೇಡವೆಂದು ಎದ್ದುಬರಬಹುದು. ಈ ಅವಳಿಗಳಿಗಾಗಲಿ, ಆ ತಿದ್ದುಪಡಿಯನ್ನು ಪಡೆದು ಮುಂದೆ ಅವರಿಗೆ ಹುಟ್ಟಬಹುದಾದ ಮಕ್ಕಳಿಗಾಗಲಿ ಆ ಅವಕಾಶ ಇರಲಿಲ್ಲ.