ಅಂಚೆಚೀಟಿಯ ಸುದ್ದಿಯಲ್ಲಿ ಕೆತ್ತಿದವರ ಹೆಸರೂ ಬರಲಿ

ಮಾನ್ಯ ಸಂಪಾದಕರೇ,

ಅಂಚೆಚೀಟಿ ಸಂಗ್ರಹದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಎರಡೇ ದಾರಿಗಳನ್ನು ಹೇಳುತ್ತವೆ. ಒಂದು, ದೇಶವಾರು ಕೂಡಿಸುವುದು. ಇನ್ನೊಂದು, ಹಕ್ಕಿ, ಹೂವು, ರೈಲು ಎಂದು ವಿಷಯವಾರು ಕೂಡಿಸುವುದು. ಒಬ್ಬ ಕೆತ್ತನೆಗಾರನನ್ನು ಹಿಡಿದು, ಅವನ ಕೈಯಿಂದ ಬಂದ ಚೀಟಿಗಳನ್ನು ಯಾವ ದೇಶದ್ದಾದರೂ ಸರಿ ಒಟ್ಟುಗೂಡಿಸುವ ಮೂರನೆಯ ದಾರಿಯ ಸುದ್ದಿ ಎಲ್ಲೂ ಬರುವುದಿಲ್ಲ. ಈ ದಾರಿಯಲ್ಲಿ ಖರ್ಚು ಕಡಿಮೆ, ಆದರೆ ನೋಡುವ ಕಣ್ಣು ಬೇಕು. ಆ ಕಣ್ಣನ್ನು ಬೆಳೆಸಿಕೊಳ್ಳುವುದು ಹೇಗೆಂದು ತಿಳಿಸಲು ಈ ಪತ್ರ. ಇದು ನಿಮ್ಮ ಎಳೆಯ ಓದುಗರಿಗೂ ಉಪಯೋಗವಾದೀತು.

ಮೊದಲು ಕೆತ್ತನೆಯ ಚೀಟಿ ಎಂದರೆ ಯಾವುದು ಎಂಬುದು ಸ್ಪಷ್ಟವಿರಬೇಕು. ಕೆತ್ತನೆಗಾರ ಮೆದು ಉಕ್ಕಿನ ಸಣ್ಣ ತುಂಡಿನ ಮೇಲೆ, ಚೀಟಿಯಷ್ಟೇ ಅಳತೆಯಲ್ಲಿ, ಚಿತ್ರವನ್ನು ಎಡಬಲ ತಿರುಗಿಸಿ ಕೊರೆಯುತ್ತಾನೆ. ಕೈಯಲ್ಲಿ ಬ್ಯೂರಿನ್ ಎಂಬ ಚೂಪು ಉಳಿ, ಕಣ್ಣಿಗೆ ಭೂತಗನ್ನಡಿ. ಒಂದು ಚೀಟಿಗೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಗೆರೆ ತಪ್ಪಿದರೆ ಲೋಹವನ್ನು ಹೆರೆದು, ಹಿಂಬದಿಯಿಂದ ಬಡಿದು ಸಮ ಮಾಡಿ, ಉಜ್ಜಿ ಮತ್ತೆ ಕೊರೆಯಬೇಕು. ಕೆಲಸ ಮುಗಿದ ಮೇಲೆ ಉಕ್ಕನ್ನು ಕಾಯಿಸಿ ಗಟ್ಟಿ ಮಾಡುತ್ತಾರೆ. ಹಳೆಯ ಪದ್ಧತಿಯಲ್ಲಿ ಆ ಅಚ್ಚನ್ನು ಮೆದು ಉಕ್ಕಿನ ಉರುಳೆಗೆ ಒತ್ತಿ, ಉರುಳೆಯನ್ನು ಗಟ್ಟಿ ಮಾಡಿ, ಅದರಿಂದ ಮುದ್ರಣ ಫಲಕದ ಮೇಲೆ ಸಾಲುಸಾಲಾಗಿ ಪಡಿಯಚ್ಚು ಒತ್ತುತ್ತಿದ್ದರು. 1840ರ ಪೆನ್ನಿ ಬ್ಲ್ಯಾಕ್ ತಯಾರಾದದ್ದು ಹೀಗೆಯೇ. ಅದರ ಕೆತ್ತನೆ ಚಾರ್ಲ್ಸ್ ಹೀತ್ ಮತ್ತು ಅವರ ಮಗ ಫ್ರೆಡರಿಕ್ ಅವರದು, ಮುದ್ರಣ ಪರ್ಕಿನ್ಸ್ ಬೇಕನ್ ಸಂಸ್ಥೆಯದು.

ಮುದ್ರಣದಲ್ಲಿ ಶಾಯಿ ಕೊರೆದ ಗೆರೆಗಳೊಳಗೆ ತುಂಬಿಕೊಳ್ಳುತ್ತದೆ, ಮೇಲ್ಮೈಯನ್ನು ಒರೆಸಿಬಿಡುತ್ತಾರೆ. ಭಾರೀ ಒತ್ತಡದಲ್ಲಿ ಕಾಗದ ಆ ಗೆರೆಗಳೊಳಕ್ಕೆ ಇಳಿದು ಶಾಯಿಯನ್ನು ಎಳೆದುಕೊಂಡು ಬರುತ್ತದೆ. ಆದ್ದರಿಂದಲೇ ಕೆತ್ತನೆಯ ಚೀಟಿಯಲ್ಲಿ ಶಾಯಿ ಕಾಗದದಿಂದ ಮೇಲೆ ಎದ್ದು ನಿಂತಿರುತ್ತದೆ. ಗೆರೆ ಆಳವಾಗಿ, ಅಗಲವಾಗಿ ಇದ್ದಷ್ಟೂ ಶಾಯಿ ದಪ್ಪ, ಬಣ್ಣ ಗಾಢ. ಇಡೀ ಚಿತ್ರದ ಬೆಳಕು ನೆರಳು ನಿಂತಿರುವುದು ಇದರ ಮೇಲೆ. ತಿಳಿಬೂದು ಬಣ್ಣದ ಶಾಯಿಯನ್ನು ಬೇರೆಯಾಗಿ ಯಾರೂ ಹಾಕಿರುವುದಿಲ್ಲ, ಗೆರೆಗಳ ನಡುವಿನ ಬಿಳಿ ಕಾಗದವೇ ಕಣ್ಣಿಗೆ ಬೂದಾಗಿ ಕಾಣುತ್ತದೆ.

ಗುರುತಿಸಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಸಾಕು. ಚೀಟಿಯನ್ನು ಓರೆ ಬೆಳಕಿನಲ್ಲಿ ಹಿಡಿದರೆ ಗೆರೆಗಳ ದಿಬ್ಬ ಕಾಣುತ್ತದೆ. ಬೆರಳ ತುದಿಗೂ ಸಿಗುತ್ತದೆ, ಆದರೆ ಬಳಸದ ಚೀಟಿಯ ಮೇಲೆ ಬೆರಳಾಡಿಸಬೇಡಿ, ಚರ್ಮದ ಎಣ್ಣೆ ಕಲೆಯಾಗುತ್ತದೆ. ಫೋಟೊಗ್ರೆವ್ಯೂರ್ ಚೀಟಿಯಲ್ಲಿ ಚಿತ್ರವೆಲ್ಲ ಸಾಲು ಹಿಡಿದ ಚುಕ್ಕಿಗಳ ಜಾಲ, ಅಕ್ಷರದ ಅಂಚೂ ಗರಗಸದ ಹಲ್ಲಿನ ಹಾಗೆ. ರಬ್ಬರ್ ಹಾಸಿನ ಮೂಲಕ ಕಾಗದಕ್ಕೆ ಒತ್ತುವ ಆಫ್‌ಸೆಟ್ ಮುದ್ರಣದ ಚೀಟಿ ಪೂರ್ತಿ ಚಪ್ಪಟೆ. ಕೆತ್ತನೆಯಲ್ಲಿ ಗೆರೆ ಒಂದೇ ತುಂಡಾಗಿ, ಅಂಚು ಚೂಪಾಗಿ ಇರುತ್ತದೆ. ಫೋಟೊಗ್ರೆವ್ಯೂರ್ ಎಂಬ ಹೆಸರಿನಲ್ಲೇ ಕೆತ್ತನೆಯ ಸದ್ದು ಇರುವುದರಿಂದ ಹೊಸಬರು ಮೋಸಹೋಗಿ ಕೊಳ್ಳುವುದುಂಟು. ಇದಕ್ಕೂ ಕೈಕೆತ್ತನೆಗೂ ಸಂಬಂಧವಿಲ್ಲ, ಇಲ್ಲಿ ಚಿತ್ರ ಕ್ಯಾಮೆರಾದ ಮೂಲಕ ಫಲಕಕ್ಕೆ ಇಳಿದಿರುತ್ತದೆ. ಸಂಶಯ ಉಳಿದರೆ, ಬೆಲೆಯಿಲ್ಲದ ಬಳಸಿದ ಚೀಟಿಯೊಂದರ ಮೇಲೆ ತೆಳು ಅಲ್ಯೂಮಿನಿಯಂ ಹಾಳೆ ಇಟ್ಟು ಮೆಲ್ಲಗೆ ಉಜ್ಜಿ ನೋಡಿ, ಕೆತ್ತನೆಯದಾದರೆ ಗೆರೆಗಳ ಅಚ್ಚು ಹಾಳೆಯ ಮೇಲೆ ಮೂಡುತ್ತದೆ. ಒಳ್ಳೆಯ ಪ್ರತಿಯ ಮೇಲೆ ಈ ಪರೀಕ್ಷೆ ಬೇಡ.

ಎರಡೂ ಸೇರಿದ ಚೀಟಿಗಳು ಇಂದು ಬಹಳ. ಕೆಳಗೆ ಆಫ್‌ಸೆಟ್ ಬಣ್ಣ, ಮೇಲೆ ಕೆತ್ತನೆಯ ಗೆರೆ. ಅಂಥದರಲ್ಲಿ ಕೆತ್ತನೆಗಾರನ ಪಾಲು ಆ ಗೆರೆಗಳು ಮಾತ್ರ. ಪೂರ್ತಿ ಕೆತ್ತನೆಯಲ್ಲೇ ಹಲವು ಬಣ್ಣ ಬಂದಿದ್ದರೆ, ಎರಡು ಬಣ್ಣ ಕೂಡುವ ಜಾಗದಲ್ಲಿ ಒಂದೇ ಗೆರೆಯೊಳಗೆ ಅವು ಒಂದಕ್ಕೊಂದು ಬೆರೆತಿರುವುದನ್ನು ಲೂಪ್ ತೋರಿಸುತ್ತದೆ. ಫಲಕದ ಬೇರೆ ಬೇರೆ ಭಾಗಕ್ಕೆ ಬೇರೆ ಬೇರೆ ಉರುಳೆಗಳು ಶಾಯಿ ಹಚ್ಚುವುದರಿಂದ ಹೀಗಾಗುತ್ತದೆ. ಇತ್ತೀಚಿನ ಕೆಲವು ಚೀಟಿಗಳ ಗೆರೆಗಳನ್ನು ಕಂಪ್ಯೂಟರಿನಲ್ಲಿ ಬರೆದು ಫಲಕಕ್ಕೆ ಇಳಿಸಿರುತ್ತಾರೆ. ಕೈಯಲ್ಲಿ ಕೊರೆದ ಗೆರೆ ಸಣ್ಣಗೆ ಹುಟ್ಟಿ, ನಡುವೆ ಉಬ್ಬಿ, ಮತ್ತೆ ಸಣ್ಣಗಾಗಿ ಮುಗಿಯುತ್ತದೆ, ಏಕೆಂದರೆ ಉಳಿ ಲೋಹದೊಳಗೆ ಇಳಿಯುವುದೂ ಮೇಲೆ ಬರುವುದೂ ಹಾಗೆಯೇ. ಉದ್ದಕ್ಕೂ ಒಂದೇ ದಪ್ಪವಿದ್ದು ತುದಿ ಮೊಂಡಾಗಿ ನಿಂತಿದ್ದರೆ ಅನುಮಾನಿಸಿ. ಆಕಾಶದಂಥ ಹಿನ್ನೆಲೆಯ ಸಮಗೆರೆಗಳಿಗೆ ಮಾತ್ರ ಈ ಮಾತು ಸಲ್ಲದು. ಹಿಂದಿನಿಂದಲೂ ಅವನ್ನು ಗೆರೆಯಂತ್ರದಿಂದ ಎಳೆಯುವುದಿತ್ತು.

ಇನ್ನು ಯಾರನ್ನು ಆರಿಸಿಕೊಳ್ಳುವುದು? ಹೊಸಬರಿಗೆ ಚೆಸ್ಲಾವ್ ಸ್ಲಾನಿಯಾಗಿಂತ ಒಳ್ಳೆಯ ಹೆಸರಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 1921ರಲ್ಲಿ ಪೋಲೆಂಡಿನಲ್ಲಿ ಹುಟ್ಟಿದ ಇವರ ಮೊದಲ ಅಂಚೆಚೀಟಿ ಬಂದದ್ದು 1951ರಲ್ಲಿ. 1956ರಲ್ಲಿ ಸ್ವೀಡನ್ನಿಗೆ ಹೋದರು, 1959ರಿಂದ ಅಲ್ಲಿನ ಅಂಚೆಗೆ ಕೆತ್ತಿದರು, 1972ರಲ್ಲಿ ಸ್ವೀಡನ್ನಿನ ಅರಮನೆಯ ಕೆತ್ತನೆಗಾರರೆಂಬ ಗೌರವ ಪಡೆದರು. ಡೆನ್ಮಾರ್ಕ್, ಮೊನಾಕೊ, ಫಾರೋ ದ್ವೀಪಗಳು, ಗ್ರೀನ್‌ಲ್ಯಾಂಡ್, ಅಮೆರಿಕ, ವಿಶ್ವಸಂಸ್ಥೆಗಳಿಗೂ ಅವರ ಚೀಟಿಗಳಿವೆ. ಸಾವಿರನೆಯದೆಂದು ಎಣಿಸಿದ ಚೀಟಿಯನ್ನು ಸ್ವೀಡನ್ 2000ದ ಮಾರ್ಚ್ 17ರಂದು ಹೊರತಂದಿತು. ಅದು ಎರೆನ್‌ಸ್ಟ್ರಾಲ್ ಎಂಬ ಹಳೆಯ ಕಲಾವಿದನ ವರ್ಣಚಿತ್ರವನ್ನು ಆಧರಿಸಿದ 50 ಕ್ರೋನರ್ ಮುಖಬೆಲೆಯ ದೊಡ್ಡ ಚೀಟಿ. ಸ್ಲಾನಿಯಾ ತೀರಿಕೊಂಡದ್ದು 2005ರ ಮಾರ್ಚ್ 17ರಂದು. ಅಭ್ಯಾಸ ತಪ್ಪಬಾರದೆಂದು ತಮಗಾಗಿಯೇ ಅವರು ಕೆತ್ತಿದ ಮುಷ್ಟಿಯುದ್ಧದ ವಿಶ್ವವಿಜೇತರ 23 ಚಿತ್ರಗಳ ಸರಣಿ ಅಂಚೆಚೀಟಿಯಲ್ಲದಿದ್ದರೂ ಸಂಗ್ರಾಹಕರು ಅದನ್ನು ಬೇರೆ ಹಾಳೆಯಲ್ಲಿ ಇಡುತ್ತಾರೆ.

ಅವರ ಕೈ ಕಾಣುವುದು ಮುಖದಲ್ಲಿ. ಕೆನ್ನೆಯ ಮೇಲೆ ಒಂದನ್ನೊಂದು ಹಾಯುವ ಗೆರೆಗಳ ನಡುವೆ ಹುಟ್ಟುವ ಸಣ್ಣ ವಜ್ರಾಕಾರದ ಬಿಳಿಯೊಳಗೆ ಒಂದೊಂದು ಚುಕ್ಕಿ ಇಟ್ಟಿರುತ್ತಾರೆ. ಬೆಳಕಿನ ಕಡೆಗೆ ಹೋದಂತೆ ಗೆರೆ ತುಂಡಾಗುತ್ತದೆ, ತುಂಡು ಚುಕ್ಕಿಯಾಗುತ್ತದೆ, ಚುಕ್ಕಿ ಕಾಗದದಲ್ಲಿ ಕರಗುತ್ತದೆ. ಹೊರಗೆರೆ ಎಳೆಯದೆಯೇ ಮೂಗಿನ ಅಂಚು ಮೂಡಿರುತ್ತದೆ. ಬ್ಯಾಂಕ್ ನೋಟಿನ ಭಾವಚಿತ್ರಗಳ ಹಳೆಯ ವಿದ್ಯೆ ಇದು, ಆದರೆ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಮೃದುವಾಗಿ ಮಾಡಿದವರು ವಿರಳ. ಗಟ್ಟಿಮುಟ್ಟಾದ, ಎದ್ದು ಕಾಣುವ ಗೆರೆಯೇ ಇಷ್ಟವೆನ್ನುವವರು ಫ್ರಾನ್ಸಿನ ಆಲ್ಬೇರ್ ದೆಕಾರಿ ಅವರನ್ನು ನೋಡಲಿ. ಫ್ರಾನ್ಸಿನವರೇ ಆದ ಪಿಯೇರ್ ಗಾಂದೋಂ, ಚೆಕೊಸ್ಲೊವಾಕಿಯಾದ ಯಿಂದ್ರಾ ಶ್ಮಿಟ್, ಆಸ್ಟ್ರಿಯಾದ ಫರ್ಡಿನಾಂಡ್ ಶಿರ್ನ್‌ಬೊಕ್ ಇವರೆಲ್ಲ ಒಬ್ಬೊಬ್ಬರೂ ಒಂದೊಂದು ಸಂಗ್ರಹಕ್ಕೆ ಸಾಲುತ್ತಾರೆ. 1906ರ ಬೋಸ್ನಿಯಾದ ಚೀಟಿಗಳಲ್ಲಿ ವಿನ್ಯಾಸ ಕೊಲೊಮನ್ ಮೋಸರ್ ಅವರದು, ಕೆತ್ತನೆ ಶಿರ್ನ್‌ಬೊಕ್ ಅವರದು.

ಇಲ್ಲೇ ಹೆಚ್ಚು ತಪ್ಪಾಗುವುದು. ಚಿತ್ರ ಬರೆದವರೂ ಕೆತ್ತಿದವರೂ ಬೇರೆ ಬೇರೆ ಇರಬಹುದು. ಚೀಟಿಯ ಕೆಳ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣಕ್ಷರದ ಹೆಸರುಗಳಿದ್ದರೆ ಅವುಗಳ ಜೊತೆಗಿರುವ ಲ್ಯಾಟಿನ್ ಸಂಕ್ಷೇಪ ನೋಡಿ. ‘ಡೆಲ್’ ಎಂದರೆ ಬರೆದವರು, ‘ಎಸ್‌ಸಿ’ ಅಥವಾ ‘ಇಂಕ್’ ಎಂದರೆ ಕೆತ್ತಿದವರು. ಫ್ರಾನ್ಸಿನ ಚೀಟಿಗಳಲ್ಲಿ ಸಾಮಾನ್ಯವಾಗಿ ಎಡಕ್ಕೆ ಕಲಾವಿದ, ಬಲಕ್ಕೆ ಕೆತ್ತನೆಗಾರ. ಹೆಸರೇ ಇಲ್ಲದ ಚೀಟಿಗೆ ಕ್ಯಾಟಲಾಗ್ ಬೇಕು. ಜರ್ಮನಿಯ ಮಿಶೆಲ್ ಕ್ಯಾಟಲಾಗ್ ವಿನ್ಯಾಸಕ್ಕೆ ‘ಇ’, ಕೆತ್ತನೆಗೆ ‘ಎಸ್’ ಎಂಬ ಅಕ್ಷರ ಹಾಕಿ ಹೆಸರು ಕೊಡುತ್ತದೆ. ಬ್ರಿಟನ್ನಿನ ಸ್ಟಾನ್ಲಿ ಗಿಬನ್ಸ್ ಕ್ಯಾಟಲಾಗ್ ಕೆತ್ತನೆಯ ಮುದ್ರಣವನ್ನು ‘ರಿಸೆಸ್’ ಎನ್ನುತ್ತದೆ. ಅಮೆರಿಕದ ಹಳೆಯ ಚೀಟಿಗಳಲ್ಲಿ ಇನ್ನೂ ಒಂದು ತೊಡಕಿದೆ. ಭಾವಚಿತ್ರ ಒಬ್ಬರದು, ಚೌಕಟ್ಟು ಮತ್ತು ಅಕ್ಷರ ಇನ್ನೊಬ್ಬರದು. ಅಂಥ ಚೀಟಿಯ ಕೆಳಗೆ ಯಾವ ಭಾಗ ಯಾರದೆಂದು ಆಲ್ಬಮ್ಮಿನಲ್ಲಿ ಬರೆದಿಡುವುದೇ ಪ್ರಾಮಾಣಿಕತೆ.

ಎರಡು ದೇಶಗಳು ಜೊತೆಯಾಗಿ ತರುವ ಚೀಟಿಗಳನ್ನೂ ಜಾಗ್ರತೆಯಿಂದ ನೋಡಿ. ಚಿತ್ರ ಒಂದೇ ಇದ್ದರೂ ಒಂದು ದೇಶದ್ದು ಕೆತ್ತನೆ, ಇನ್ನೊಂದರದು ಆಫ್‌ಸೆಟ್ ಆಗಿರುವುದುಂಟು. 1993ರಲ್ಲಿ ಅಮೆರಿಕ ಮತ್ತು ಮೊನಾಕೊ ತಂದ ಗ್ರೇಸ್ ಕೆಲ್ಲಿ ಚೀಟಿಗಳು ಸ್ಲಾನಿಯಾ ಸಂಗ್ರಹದಲ್ಲಿ ಪಕ್ಕಪಕ್ಕ ಇರಲೇಬೇಕಾದವು. ಹಾಲಿವುಡ್ ನಟಿಯಾಗಿದ್ದು ಮೊನಾಕೊದ ರಾಜಕುಮಾರಿಯಾದವರು ಅವರು. ಅಮೆರಿಕದ್ದು ನಟಿಯಾಗಿ ಅವರ ಹೆಸರು ಹೇಳಿದರೆ, ಮೊನಾಕೊದ್ದು ರಾಜಕುಮಾರಿ ಎನ್ನುತ್ತದೆ.

ಎಣಿಕೆಯ ವಿಚಾರದಲ್ಲಿ ಸಂಗ್ರಾಹಕರಲ್ಲಿ ಒಮ್ಮತವಿಲ್ಲ. ರಾಜನ ಒಂದೇ ಮುಖದ ಅಚ್ಚಿನಿಂದ ಹತ್ತಾರು ಮುಖಬೆಲೆ, ಹತ್ತಾರು ಬಣ್ಣ ಬಂದಿರುತ್ತವೆ. ಸ್ವೀಡನ್ 1961ರಿಂದ ಪ್ರತಿ ಡಿಸೆಂಬರಿನಲ್ಲಿ 60 ವರ್ಷ ಹಿಂದಿನ ನೊಬೆಲ್ ಪುರಸ್ಕೃತರ ಚೀಟಿ ತರತೊಡಗಿದಾಗಲೂ ಮೊದಲ ವರ್ಷ ಒಂದೇ ಚಿತ್ರ ಬೇರೆ ಬೇರೆ ಬೆಲೆಗಳಲ್ಲಿ ಬಂತು. ಕೈಕೆಲಸವನ್ನು ನೋಡುವವರಿಗೆ ಒಂದು ಅಚ್ಚಿಗೆ ಒಂದು ಚೀಟಿ ಸಾಕು. ಆ ಒಂದನ್ನು ಆರಿಸುವಾಗ ಕಡುನೀಲಿ, ಕಂದು, ಕಪ್ಪು, ಕಡುಹಸಿರನ್ನು ತೆಗೆದುಕೊಳ್ಳಿ. ಹಳದಿ, ತಿಳಿಕಿತ್ತಳೆಯಲ್ಲಿ ಅದೇ ಗೆರೆಗಳು ಕಣ್ಣಿಗೆ ಸಿಗುವುದೇ ಇಲ್ಲ.

ಸ್ವೀಡನ್ನಿನ ಚೀಟಿ ಕೊಳ್ಳುವವರು ಒಂದನ್ನು ನೆನಪಿಡಬೇಕು. ಅಲ್ಲಿ ಚೀಟಿಗಳು ಹೆಚ್ಚಾಗಿ ಸುರುಳಿಯಲ್ಲೋ ಪುಟ್ಟ ಪುಸ್ತಕದಲ್ಲೋ ಬಂದವು. ಸುರುಳಿಯದಕ್ಕೆ ಎರಡು ಬದಿ ಮಾತ್ರ ತೂತುಗಳ ಅಂಚು, ಪುಸ್ತಕದ್ದಕ್ಕೆ ಮೂರು ಬದಿ. ಉಳಿದ ಬದಿ ನೇರವಾಗಿರುವುದು ದೋಷವಲ್ಲ. ಕತ್ತರಿ ಆಡಿಸಿದ್ದಾರೆಂದು ತಿಳಿದು ಇಂಥವನ್ನು ಎಸೆಯುವವರಿದ್ದಾರೆ.

ಪ್ರತಿಯ ಗುಣಮಟ್ಟಕ್ಕೆ ಇಲ್ಲಿ ಬೇರೆಯೇ ಅಳತೆ. ಸಾವಿರಾರು ಹಾಳೆ ಒತ್ತಿದ ಮೇಲೆ ಫಲಕ ಸವೆಯುತ್ತದೆ. ಮೊದಲು ಮಾಯವಾಗುವುದು ಕೆನ್ನೆಯ ಆ ಚುಕ್ಕಿಗಳು, ಆಮೇಲೆ ಸಣ್ಣ ಗೆರೆಗಳು. ಶಾಯಿ ಸಾಲದೆ ಒತ್ತಿದ ಪ್ರತಿಯೂ ಹೀಗೆಯೇ ಕಾಣುತ್ತದೆ, ಆದರೆ ಅದರಲ್ಲಿ ದಪ್ಪ ಗೆರೆಗಳೂ ಅಲ್ಲಲ್ಲಿ ಬಿಳಿಚಿರುತ್ತವೆ. ಆದ್ದರಿಂದ ಅಗ್ಗದ ಚೀಟಿಯಾದರೆ ಮೂರು ನಾಲ್ಕು ಪ್ರತಿ ತಂದು ಲೂಪಿನಲ್ಲಿ ಹೋಲಿಸಿ, ಒಳ್ಳೆಯದನ್ನು ಉಳಿಸಿಕೊಳ್ಳಿ. ಗೆರೆಗಳು ಎರಡೆರಡಾಗಿ ಕಂಡರೆ ಅದು ಕೆತ್ತನೆಗಾರನ ಕೈ ನಡುಗಿದ್ದಲ್ಲ. ಉರುಳೆಯನ್ನು ಫಲಕದ ಅದೇ ಜಾಗಕ್ಕೆ ಮತ್ತೊಮ್ಮೆ ಒತ್ತುವಾಗ ಕೂದಲೆಳೆಯಷ್ಟು ಸರಿದದ್ದು. ಬಳಸಿದ ಚೀಟಿಯಲ್ಲಿ ಅಂಚೆ ಮೊಹರು ಮೂಲೆಯಲ್ಲಿ ತೆಳ್ಳಗೆ ಬಿದ್ದಿರಬೇಕು. ಮುಖದ ಮೇಲೆ ಬಿದ್ದ ಮೊಹರು ಎಷ್ಟು ಸ್ಪಷ್ಟವಾಗಿದ್ದರೂ ಈ ಸಂಗ್ರಹಕ್ಕೆ ಆ ಪ್ರತಿ ಕೆಲಸಕ್ಕೆ ಬಾರದು.

ಲಕೋಟೆಯಿಂದ ಬಿಡಿಸಲು ಉಗುರುಬೆಚ್ಚಗಿನ ನೀರಿನಲ್ಲಿ 15ರಿಂದ 20 ನಿಮಿಷ ನೆನೆಸಿದರೆ ಚೀಟಿ ತಾನಾಗಿ ಜಾರುತ್ತದೆ, ಎಳೆದರೆ ಕಾಗದ ತೆಳುವಾಗುತ್ತದೆ. ಬಣ್ಣದ ಲಕೋಟೆಯ ತುಂಡನ್ನು ಬೇರೆ ಬಟ್ಟಲಲ್ಲಿ ನೆನೆಸಿ. ತಾನೇ ಅಂಟುವ ಹೊಸ ಬಗೆಯ ಚೀಟಿ ಹಲವು ಸಲ ನೀರಿಗೆ ಬಿಡುವುದಿಲ್ಲ, ಅದನ್ನು ಲಕೋಟೆಯ ಕಾಗದ ಸಹಿತ ಅಂಚು ಬಿಟ್ಟು ಕತ್ತರಿಸಿ ಇಡುವುದು ಮೇಲು. ಮುಖ ಕೆಳಗಾಗಿ ಒತ್ತುಕಾಗದದ ಮೇಲೆ ಆರಿಸಿ, ಆಮೇಲೆ ಹಗುರ ಭಾರ ಇಡಿ. ಇಸ್ತ್ರಿ ಪೆಟ್ಟಿಗೆ ಕೂಡದು. ಎದ್ದು ನಿಂತ ಶಾಯಿ ಚಪ್ಪಟೆಯಾದರೆ ಕೆತ್ತನೆಯ ಜೀವವೇ ಹೋದಂತೆ. ಆಲ್ಬಮ್ಮುಗಳನ್ನು ನಿಲ್ಲಿಸಿ, ಸಡಿಲವಾಗಿ ಇಡಿ. ಪಿವಿಸಿ ಪ್ಲಾಸ್ಟಿಕ್ಕಿನ ಹಾಳೆ ಕಾಲಾಂತರದಲ್ಲಿ ಶಾಯಿಯನ್ನು ಎಳೆದುಕೊಳ್ಳುತ್ತದೆ, ತೇವದಲ್ಲಿ ಅಂಟು ಹಿಡಿದುಕೊಂಡು ಕಂದು ಚುಕ್ಕೆಗಳೇಳುತ್ತವೆ.

ಹಣವಿದ್ದವರು ಕೊನೆಗೆ ಅಚ್ಚಿನ ಪರೀಕ್ಷಾ ಪ್ರತಿಗಳತ್ತ ತಿರುಗುತ್ತಾರೆ. ಕಲಾವಿದನ ಸಹಿಯಿರುವ, ಅಂಚಿಗೆ ತೂತುಗಳಿಲ್ಲದ, ದಪ್ಪ ಕಾಗದದ ಪ್ರತಿಗಳು ಇವು, ಫ್ರಾನ್ಸಿನಲ್ಲಿ ಇದಕ್ಕೆ ದೊಡ್ಡ ಪರಂಪರೆಯಿದೆ. ಚಿತ್ರದ ಸುತ್ತ ಉಕ್ಕಿನ ತುಂಡಿನ ಅಂಚು ಕಾಗದದಲ್ಲಿ ಇಳಿದ ತಗ್ಗು, ಗೆರೆಗಳ ದಿಬ್ಬ ಎರಡನ್ನೂ ನೋಡದೆ ದುಡ್ಡು ಕೊಡಬಾರದು. ಚಪ್ಪಟೆ ನಕಲುಗಳು ಚಿತ್ರದಲ್ಲಿ ಅಸಲಿಯಂತೆಯೇ ಕಾಣುತ್ತವೆ, ಆದ್ದರಿಂದ ಫೋಟೊ ನೋಡಿ ಕೊಳ್ಳುವುದು ಬೇಡವೇ ಬೇಡ.

ನಿಮ್ಮಲ್ಲಿ ಕೋರಿಕೆ ಇಷ್ಟೇ. ಹೊಸ ಅಂಚೆಚೀಟಿಯ ಸುದ್ದಿ ಹಾಕುವಾಗ ಬಿಡುಗಡೆ ಮಾಡಿದ ಗಣ್ಯರ ಹೆಸರಿನ ಜೊತೆಗೆ ಚಿತ್ರ ಬರೆದವರು ಯಾರು, ಕೆತ್ತನೆಯಿದ್ದರೆ ಕೆತ್ತಿದವರು ಯಾರು, ಮುದ್ರಣ ಯಾವ ಬಗೆಯದು ಎಂಬ ಒಂದು ಸಾಲು ಸೇರಿಸಿ. ಅಂಚೆ ಇಲಾಖೆಗಳು ಚೀಟಿಯ ಜೊತೆ ಕೊಡುವ ಮಾಹಿತಿ ಪತ್ರದಲ್ಲಿ ಮುದ್ರಣದ ವಿವರ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಚೀಟಿಯ ಚಿತ್ರವನ್ನು ನಿಜ ಅಳತೆಗಿಂತ ಮೂರು ನಾಲ್ಕು ಪಟ್ಟು ದೊಡ್ಡದಾಗಿ ಹಾಕಿದರೆ ಗೆರೆ ಯಾವುದು, ಚುಕ್ಕಿ ಯಾವುದು ಎಂಬುದು ಓದುಗರಿಗೂ ಕಂಡೀತು.

ಇಂತಿ,
ಅಂಚೆಚೀಟಿ ಸಂಗ್ರಾಹಕ ಓದುಗ