ಧರ್ಮ ಹುಟ್ಟಿನದೋ, ಇಚ್ಛೆಯದೋ: ಕಚೇರಿ ಕೇಳುವುದೇ ಬೇರೆ

ಮಾನ್ಯ ಸಂಪಾದಕರೇ,

ಧರ್ಮ ಹುಟ್ಟಿನಿಂದ ಬರುತ್ತದೋ, ಸಂಸ್ಕಾರದಿಂದಲೋ, ಸ್ವಂತ ಇಚ್ಛೆಯಿಂದಲೋ ಎಂಬ ಚರ್ಚೆಯಲ್ಲಿ ಎಲ್ಲರೂ ಶಾಸ್ತ್ರವನ್ನೇ ಎತ್ತಿ ಹೇಳುತ್ತಾರೆ. ಧರ್ಮ ಬದಲಿಸಿಕೊಂಡು ಕೇರಳದ ಕಾಸರಗೋಡು, ಮಂಜೇಶ್ವರ ತಾಲೂಕು ಕಚೇರಿಗಳ ಮೆಟ್ಟಿಲು ಹತ್ತುವವರಿಗೆ ಈ ಪ್ರಶ್ನೆ ಎದುರಾಗುವುದು ಬೇರೆ ರೀತಿಯಲ್ಲಿ. ಅಲ್ಲಿ ಉತ್ತರ ತಪ್ಪಿದರೆ ಮೀಸಲಾತಿ, ವಿದ್ಯಾರ್ಥಿವೇತನ, ಕೆಲವೊಮ್ಮೆ ಆಸ್ತಿಯೂ ಕೈಬಿಟ್ಟು ಹೋಗುತ್ತದೆ.

ಹುಟ್ಟಿನಿಂದಲೇ ಧರ್ಮ ಎನ್ನುವವರು ಜನನ ಪ್ರಮಾಣಪತ್ರವನ್ನು ಒಮ್ಮೆ ತೆರೆದು ನೋಡಲಿ. ಅದರಲ್ಲಿ ಮಗುವಿನ ಧರ್ಮದ ಕಾಲಮೇ ಇಲ್ಲ. ನೋಂದಣಿ ಫಾರಂನಲ್ಲಿ ಕುಟುಂಬದ ಧರ್ಮ ಕೇಳುವುದು ಅಂಕಿಅಂಶಕ್ಕೆ ಮಾತ್ರ. ಧರ್ಮ ಕಾಗದಕ್ಕೆ ಹತ್ತುವುದು ಶಾಲೆಯ ಅಡ್ಮಿಷನ್ ರಿಜಿಸ್ಟರಿನಲ್ಲಿ. ಮಗುವನ್ನು ಕರೆದುಕೊಂಡು ಬಂದವರು ಏನು ಹೇಳಿದರೋ ಅದನ್ನು ಬರೆದುಕೊಳ್ಳುತ್ತಾರೆ. ಮುಂದೆ ಎಸ್ಸೆಸ್ಸೆಲ್ಸಿ ಪುಸ್ತಕಕ್ಕೂ ವಿಲೇಜ್ ಆಫೀಸಿಗೂ ಅದೇ ಆಧಾರ. 1959ರ ಕೇರಳ ಶಿಕ್ಷಣ ನಿಯಮಾವಳಿಯ ಪ್ರಕಾರ ಒಮ್ಮೆ ಹತ್ತಿದ ಹೆಸರು, ಧರ್ಮ, ಜನ್ಮದಿನಾಂಕವನ್ನು ಮೇಲಿನ ಅಧಿಕಾರಿಯ ಆದೇಶವಿಲ್ಲದೆ ತಿದ್ದುವಂತಿಲ್ಲ.

ಸಂಸ್ಕಾರದ ಲೆಕ್ಕ ಒಂದೊಂದು ಕಡೆ ಒಂದೊಂದು. ಕ್ಯಾಥೋಲಿಕ್ ಇಗರ್ಜಿಯಲ್ಲಿ ನೀರು ಮತ್ತು ತ್ರಿಯೇಕ ದೇವರ ಹೆಸರು ಹೇಳುವ ವಾಕ್ಯ, ಇವೆರಡಿದ್ದರೆ ಜ್ಞಾನಸ್ನಾನ ಆದಂತೆ. ಅದು ಒಮ್ಮೆ ಮಾತ್ರ. ಮುಂದೆ ಆ ವ್ಯಕ್ತಿ ಇಗರ್ಜಿ ಬಿಟ್ಟರೂ ಅಲ್ಲಿನ ರಿಜಿಸ್ಟರಿನ ಸಾಲು ಅಳಿಯುವುದಿಲ್ಲ. ಇಸ್ಲಾಮಿಗೆ ಬರಲು ನಂಬಿಕೆಯಿಟ್ಟು ಶಹಾದತ್ (ವಿಶ್ವಾಸ ಸಾರುವ ವಾಕ್ಯ) ಹೇಳಿದರೆ ಸಾಕು. ಆದರೆ ಮದುವೆಗೂ ಖಬರಸ್ತಾನಕ್ಕೂ ಜಮಾಅತಿನ (ಮಸೀದಿಯ ಸಮುದಾಯದ) ಪುಸ್ತಕದಲ್ಲಿ ಹೆಸರು ಬೇಕು. ಜನಿವಾರ ಹಾಕಿಸುವುದರಿಂದ ಹುಡುಗ ಹಿಂದೂ ಆಗುವುದಿಲ್ಲ, ಹುಟ್ಟಿನಿಂದ ಬಂದ ಧರ್ಮದ ಕರ್ಮಗಳಿಗೆ ಅದು ಅಧಿಕಾರ ಕೊಡುತ್ತದೆ ಅಷ್ಟೆ. ಇನ್ನು ತುಳುವರ ‘ಬರಿ’ (ಗೋತ್ರದಂಥ ಕುಲ) ತಾಯಿಯಿಂದ ಬರುವಂಥದ್ದು, ಅದನ್ನು ಯಾವ ಗಜೆಟ್ಟೂ ಬದಲಿಸಲಾರದು!

ಹಾಗಾದರೆ ನ್ಯಾಯಾಲಯ ಏನೆನ್ನುತ್ತದೆ? ಹಿಂದೂ ಧರ್ಮಕ್ಕೆ ಬರಲು ಶುದ್ಧಿಯಂಥ ವಿಧಿ ಕಡ್ಡಾಯವಲ್ಲ, ಪ್ರಾಮಾಣಿಕ ಇಚ್ಛೆ ಮತ್ತು ಅದಕ್ಕೆ ತಕ್ಕ ನಡವಳಿಕೆ ಸಾಕು ಎಂದು ಸುಪ್ರೀಂ ಕೋರ್ಟ್ 1970ರಲ್ಲೇ ಹೇಳಿದೆ. ಇಲ್ಲಿಗೆ ಇಚ್ಛೆಯೇ ಗೆದ್ದಿತೆಂದು ಸಂಭ್ರಮಿಸುವವರು ಕೆಜಿಎಫ್ ಕ್ಷೇತ್ರದ ಚುನಾವಣಾ ತಕರಾರನ್ನು ಓದಬೇಕು. ಆದಿದ್ರಾವಿಡ ಸಮುದಾಯದಲ್ಲಿ ಹುಟ್ಟಿದ ಎಸ್. ರಾಜಗೋಪಾಲ್ 1949ರಲ್ಲಿ ಕ್ರೈಸ್ತರಾಗಿ, ಆಮೇಲೆ ಹಿಂದೂ ಧರ್ಮಕ್ಕೆ ಮರಳಿ, ಮೀಸಲು ಕ್ಷೇತ್ರದಿಂದ 1967ರಲ್ಲಿ ಗೆದ್ದರು. 1968ರಲ್ಲಿ ಸುಪ್ರೀಂ ಕೋರ್ಟ್, ಇವರು ಹಿಂದೂ ಆದದ್ದು ಸರಿ, ಆದರೆ ಹಳೆಯ ಜಾತಿ ಇವರನ್ನು ಮತ್ತೆ ಒಳಗೆ ಸೇರಿಸಿಕೊಂಡದ್ದಕ್ಕೆ ಸಾಕ್ಷಿಯಿಲ್ಲ ಎಂದಿತು. ಅವರು 1972ರಲ್ಲಿ ಮತ್ತೆ ಗೆದ್ದರು, ಮತ್ತೆ ತಕರಾರು ಬಂತು. 1975ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಸಮುದಾಯದ ಕೆಲಸಗಳಲ್ಲಿ ಜನ ಅವರನ್ನು ತಮ್ಮವರೆಂದೇ ನಡೆಸಿಕೊಂಡದ್ದು, ಮಕ್ಕಳನ್ನು ಶಾಲೆಯಲ್ಲಿ ಆದಿದ್ರಾವಿಡ ಹಿಂದೂಗಳೆಂದು ಬರೆಸಿದ್ದು ಈ ಸಲ ಸಾಕ್ಷಿಯಾಗಿ ನಿಂತಿತು. ಮನುಷ್ಯ ಅವನೇ, ಬದಲಾದದ್ದು ಕಡತ.

ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್, ಮರಳಿ ಬಂದವರಿಗೆ ಹಳೆಯ ಜಾತಿ ಸಿಗಲು ಬೇಕಾದದ್ದನ್ನು ಮೂರು ಅಂಶಗಳಾಗಿ ಬಿಡಿಸಿ ಹೇಳಿತು: ಪರಿಶಿಷ್ಟ ಪಟ್ಟಿಯ ಜಾತಿಗೆ ಸೇರಿದವರೆಂಬ ಪುರಾವೆ, ಹಿರಿಯರ ಧರ್ಮಕ್ಕೇ ಮರಳಿದ್ದು, ಸಮುದಾಯ ಒಪ್ಪಿಕೊಂಡದ್ದು. 2024ರಲ್ಲಿ ಪುದುಚೇರಿಯ ಪ್ರಕರಣದಲ್ಲಿ ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೇಳಿದ ಅರ್ಜಿದಾರರಿಗೆ ಜ್ಞಾನಸ್ನಾನದ ದಾಖಲೆಯೇ ಮುಳುವಾಯಿತು. ಮೂರನೆಯ ಅಂಶ ನನಗೆ ಸರಿ ಕಾಣುವುದಿಲ್ಲ. ಒಬ್ಬರ ನಂಬಿಕೆಗೆ ಊರವರ ರುಜು ಯಾಕೆ ಬೇಕು? ಆದರೂ ಕಾನೂನು ಹಾಗಿರುವಾಗ ಕಾಗದ ಕೂಡಿಸಿಕೊಳ್ಳದೆ ಹೋಗುವುದು ದಡ್ಡತನ.

ಎಡವುವುದು ಎಲ್ಲಿ ಎಂದರೆ, ಮತಾಂತರ ಮಾಡಿಸಿದ ಸಂಸ್ಥೆಯ ಪ್ರಮಾಣಪತ್ರ ಕೈಗೆ ಬಂದೊಡನೆ ಕೆಲಸ ಮುಗಿಯಿತೆಂದು ಕೂರುವಲ್ಲಿ. ಅದಾದ ಮೇಲೆ ಗಜೆಟ್ ಪ್ರಕಟಣೆ, ಅದನ್ನಿಟ್ಟು ಶಾಲಾ ದಾಖಲೆಯ ತಿದ್ದುಪಡಿ, ಕೊನೆಗೆ ತಹಶೀಲ್ದಾರರ ಜಾತಿ ಪ್ರಮಾಣಪತ್ರ. ಹೆಸರು ಬದಲಾವಣೆ ಬೇರೆ, ಧರ್ಮ ಬದಲಾವಣೆ ಬೇರೆ. ಒಂದನ್ನು ಮಾಡಿಸಿ ಇನ್ನೊಂದನ್ನು ಮರೆತವರೇ ಹೆಚ್ಚು ಅಲೆಯುವುದು. ನಮ್ಮ ಕನ್ನಡಿಗರಿಗೆ ಇನ್ನೂ ಒಂದು ಕಾಟವಿದೆ: ಕನ್ನಡ ಶಾಲೆಯ ರಿಜಿಸ್ಟರಿನ ನಾರಾಯಣ, ಮಲಯಾಳದ ಅರ್ಜಿಯಲ್ಲಿ ನಾರಾಯಣನ್ ಆಗಿರುತ್ತಾನೆ. ಗಜೆಟ್ಟಿಗೆ ಕೊಡುವ ಮೊದಲೇ ಎಸ್ಸೆಸ್ಸೆಲ್ಸಿ ಪುಸ್ತಕದ ಅಕ್ಷರ, ಇನಿಶಿಯಲ್, ಮನೆ ಹೆಸರು ಆಧಾರ್‌ನಲ್ಲಿರುವುದಕ್ಕೆ ಹೊಂದುತ್ತದೆಯೇ ನೋಡಿಕೊಳ್ಳಬೇಕು. ಶಾಲಾ ದಾಖಲೆ ತಿದ್ದಲು ನಿಯಮವಿಲ್ಲ ಎಂದು ವಾಪಸು ಕಳಿಸಿದರೆ ಬರವಣಿಗೆಯಲ್ಲಿ ಉತ್ತರ ಕೇಳಿ. ನಿಯಮವಿಲ್ಲ ಎಂಬುದು ನೆಪವಾಗದು, ಧರ್ಮ ಬದಲಿಸಿದವರ ದಾಖಲೆ ತಿದ್ದಿಕೊಡಬೇಕು ಎಂದು ಕೇರಳ ಹೈಕೋರ್ಟ್ 2024ರಲ್ಲಿ ಹೇಳಿಯಾಗಿದೆ.

ತಲಪಾಡಿ ಗಡಿಯ ಆಚೆಯ, ಅಂದರೆ ಕರ್ನಾಟಕದ, ಗೊಂದಲವನ್ನು ಈಚೆಗೆ ತರಬೇಡಿ. ಜಿಲ್ಲಾಧಿಕಾರಿಗೆ 30 ದಿನ ಮುಂಚೆ ತಿಳಿಸಬೇಕೆಂದದ್ದು ಕರ್ನಾಟಕ 2022ರಲ್ಲಿ ಮಾಡಿದ ಕಾಯ್ದೆ. ಕೇರಳದಲ್ಲಿ ಅಂಥದ್ದಿಲ್ಲ. ಹಾಗೆಯೇ ಪರಿಶಿಷ್ಟ ಜಾತಿಗೆ ಹಿಂದೂ, ಸಿಖ್ (1956ರಿಂದ), ಬೌದ್ಧ (1990ರಿಂದ) ಧರ್ಮದವರಿಗೆ ಮಾತ್ರ ಎಂಬ ಗೆರೆ ಇದೆ. ಪರಿಶಿಷ್ಟ ಪಂಗಡಕ್ಕೆ ಆ ಗೆರೆ ಇಲ್ಲ, ಕೊರಗರು ಕ್ರೈಸ್ತರಾದರೂ ಪಂಗಡದ ಪಟ್ಟಿಯಿಂದ ಹೊರಬೀಳುವುದಿಲ್ಲ.

ಹಿಂದೂ ಮತ ಬಿಟ್ಟವನಿಗೆ ತಂದೆಯ ಆಸ್ತಿಯಲ್ಲಿ ಪಾಲಿಲ್ಲ ಎಂಬ ಮಾತು ಹಳ್ಳಿಗಳಲ್ಲಿ ಈಗಲೂ ನಡೆಯುತ್ತಿದೆ. ಅದು ಸುಳ್ಳು, ಈಗ ರದ್ದಾಗಿರುವ 1850ರ ಕಾಯ್ದೆಯೇ ಆ ನಷ್ಟವನ್ನು ತಪ್ಪಿಸಿತ್ತು, ಈಗಿನ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಮತ ಬಿಟ್ಟವನನ್ನೇ ಹೊರಗಿಡುವುದಿಲ್ಲ. ನಿಜವಾದ ತೊಡಕು ಮಕ್ಕಳಿಗೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಮಿನಂತೆ, ಮತಾಂತರದ ನಂತರ ಹುಟ್ಟಿದ ಮಕ್ಕಳು ಹಕ್ಕು ಬರುವ ಹೊತ್ತಿಗೆ ಹಿಂದೂಗಳಾಗಿರದಿದ್ದರೆ ಹಿಂದೂ ಅಜ್ಜ ಅಜ್ಜಿಯ ಆಸ್ತಿಗೆ ವಾರಸುದಾರರಲ್ಲ. ಅಜ್ಜ ಉಯಿಲು ಬರೆದಿಟ್ಟರೆ ಈ ಕಲಮು ಅಡ್ಡ ಬರುವುದಿಲ್ಲ.

ಕಂದಾಯ ಇಲಾಖೆಯವರಲ್ಲಿ ಕೇಳುವುದು ಇಷ್ಟೆ: ಪರಿಶಿಷ್ಟ ಜಾತಿ ಅರ್ಜಿಯನ್ನು ತಿರಸ್ಕರಿಸುವಾಗ ಮೂರು ಅಂಶಗಳಲ್ಲಿ ಯಾವುದು ಸಾಬೀತಾಗಲಿಲ್ಲ ಎಂದು ಅರ್ಜಿದಾರರಿಗೆ ಕನ್ನಡದಲ್ಲಿ ಬರೆದು ಕೊಡಿ. ಮೇಲ್ಮನವಿ ಬರೆಯುವವರಿಗೆ ಆ ಒಂದು ಸಾಲಾದರೂ ಬೇಕು.

– ಓದುಗ, ಕುಂಬಳೆ